ಪುಸ್ತಕದಲ್ಲಿ ನನ್ನ ಹೆಸರಿಲ್ಲ, ಆಂಟಿ

ಒಂದೇ ಬಗೆಯ ಮನೆ ನನ್ನ ಮುಂದೆ ಮತ್ತೆ ಮತ್ತೆ ಬಂದು ಕೂರುತ್ತಿದೆ. ಒಬ್ಬರಿಗೆ ದೇವರ ಅನುಭವ ಆಗಿರುತ್ತದೆ. ಇನ್ನೊಬ್ಬರ ಕೈಯಲ್ಲಿ ಸತ್ಯವೇದ, ಅಂದರೆ ಬೈಬಲ್, ಇರುತ್ತದೆ. ಇಬ್ಬರೂ ಸಭೆಗೆ (ಚರ್ಚಿಗೆ) ಹೋಗುವವರೇ, ಇಬ್ಬರೂ ಪ್ರಾರ್ಥನೆ ಮಾಡುವವರೇ. ಆದರೆ ಒಂದೇ ಚಾವಣಿಯ ಕೆಳಗೆ ಮಾತು ನಿಂತುಹೋಗಿರುತ್ತದೆ. ಹಾಸನದಲ್ಲಿ ಸಭೆಯ ಹಿಂದಿನ ಒಂದು ಚಿಕ್ಕ ಕೋಣೆಯಲ್ಲಿ ನಾನು ಆಪ್ತಸಲಹೆಗೆ ಕೂರುತ್ತೇನೆ. ಈ ವರ್ಷ ಇಂಥ ನಾಲ್ಕನೇ ಮನೆ ಬಂದಾಗ ಬರೆಯಬೇಕು ಅನ್ನಿಸಿತು.

ಬರೆಯಲು ಇನ್ನೊಂದು ಕಾರಣವೂ ಇದೆ. ಹಲವು ವರ್ಷಗಳ ಹಿಂದೆ ಒಬ್ಬ ಯುವಕ ಬಂದಿದ್ದ. ಕನಸಿನಲ್ಲಿ ಯೇಸು ಸ್ವಾಮಿಯನ್ನು ಕಂಡೆ ಅಂದ. ಪರೀಕ್ಷೆಯ ಒತ್ತಡ, ನಿದ್ದೆ ಇಲ್ಲ, ಅದಕ್ಕೇ ಹೀಗೆ ಅಂದುಬಿಟ್ಟೆ. ಐದು ನಿಮಿಷವೂ ಕೇಳಿಸಿಕೊಂಡಿರಲಿಲ್ಲ. ಅವನು ತಲೆಯಾಡಿಸಿ, ವಂದಿಸಿ ಹೋದ. ಮತ್ತೆ ನನ್ನ ಹತ್ತಿರವೂ ಬರಲಿಲ್ಲ, ಸಭೆಗೂ ಬರಲಿಲ್ಲ. ಅವನ ಮುಖ ನನಗೆ ಇವತ್ತೂ ನೆನಪಿದೆ. ಆಮೇಲೆ ಯಾರು ಬಂದು "ದೇವರು ನನ್ನ ಹತ್ತಿರ ಮಾತಾಡಿದರು" ಅಂದರೂ ಮೊದಲ ಭೇಟಿಯಲ್ಲಿ ನಾನು ಅಭಿಪ್ರಾಯ ಹೇಳುವುದಿಲ್ಲ.

ಇಲ್ಲಿ ಹೇಳುವ ಹೆಣ್ಣುಮಗಳನ್ನು ಸುಗುಣ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೂ ಅವರ ಗಂಡನಿಗೂ ಓದಿ ಹೇಳಿ, ಒಪ್ಪಿಗೆ ಪಡೆದಿದ್ದೇನೆ.

ಸಕಲೇಶಪುರದ ಆಚೆ ಒಂದು ಕಾಫಿ ತೋಟ. ಗಂಡ ಅಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವರು. ಒಂಬತ್ತು ವರ್ಷದ ಮಗಳಿದ್ದಾಳೆ. ಎರಡು ವರ್ಷದ ಹಿಂದೆ ಹುಟ್ಟಿದ ಗಂಡುಮಗು ಎಂಟನೇ ದಿನ ಹೋಯಿತು. ಆಗ ಆಸ್ಪತ್ರೆಯಲ್ಲಿ ರಾತ್ರಿ ಹಗಲು ಜೊತೆಗಿದ್ದವರು ಅವರ ವಾರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ. ಇದನ್ನು ನೆನಪಿಡಿ.

ಮಗು ಹೋದ ಮೇಲೆ ಸುಗುಣ ಅತ್ತಿರಲಿಲ್ಲ. ಅಡುಗೆ ಮಾಡಿದರು, ಮಗಳನ್ನು ಶಾಲೆಗೆ ಕಳಿಸಿದರು, ಭಾನುವಾರ ಆರಾಧನೆಗೆ ಬಂದರು. ಕಳೆದ ಫೆಬ್ರವರಿಯಲ್ಲಿ ಪರಿಚಯದವರೊಬ್ಬರು ಒಂದು ಪ್ರಾರ್ಥನಾ ಕೂಟಕ್ಕೆ ಕರೆದರು. ಅಲ್ಲಿ ಉಪವಾಸ ಪ್ರಾರ್ಥನೆ ನಡೆಯುತ್ತಿತ್ತು. ಮೂರನೇ ದಿನ ಬೆಳಗಿನ ಜಾವ. ರೊಬಸ್ಟಾ ಕುಯ್ಲಿನ ಕಾಲ. ಕಣದಲ್ಲಿ ಹಣ್ಣು ಒಣಗಲು ಹಾಕಿದ್ದರು. ಇಬ್ಬನಿಗೆ ಹೊದಿಸಿದ್ದ ಟಾರ್ಪಾಲು ತೆಗೆಯಲು ಸುಗುಣ ಒಬ್ಬರೇ ಹೋದರು. ಟಾರ್ಪಾಲಿನ ತುದಿ ಹಿಡಿದು ಎಳೆಯುವಾಗ ಹಿಂದಿನಿಂದ ಯಾರೋ ಕರೆದ ಹಾಗಾಯಿತು.

"ಸುಗುಣಾ, ನಾನಿದ್ದೇನೆ."

ಅಷ್ಟೇ. ಎರಡೇ ಮಾತು. ಅವರು ಅಲ್ಲೇ ಕಣದ ಮೇಲೆ ಕುಳಿತರು. ಎರಡು ವರ್ಷದ ಅಳು ಅವತ್ತು ಬಂತು. ಅತ್ತು ಮುಗಿದ ಮೇಲೆ ಮೈಯೆಲ್ಲ ಹಗುರಾಯಿತು ಅಂದರು.

ಆಮೇಲೆ ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಕೂಟದಲ್ಲಿ ಸಾಕ್ಷಿ ಹೇಳಿದರು. ಎಲ್ಲರೂ ಸ್ತೋತ್ರ ಮಾಡಿದರು. ಸುಗುಣನಿಗೆ ದೇವರ ಧ್ವನಿ ಕೇಳುವ ವರ ಬಂದಿದೆ ಅಂದರು. ಅಲ್ಲಿಂದ ದಿನಾ ಧ್ವನಿಗಾಗಿ ಕಾಯುವುದು ಶುರುವಾಯಿತು. ಉಪವಾಸ ಜಾಸ್ತಿಯಾಯಿತು, ನಿದ್ದೆ ಕಡಿಮೆಯಾಯಿತು. ಮನಸ್ಸಿಗೆ ಬಂದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ "ದೇವರು ಹೇಳಿದ್ದು" ಅಂತ ಬರೆದಿಟ್ಟರು. ಸತ್ಯವೇದ ಓದುವುದು ನಿಂತಿತು. "ಅಕ್ಷರವು ಕೊಲ್ಲುತ್ತದೆ, ಆತ್ಮವು ಬದುಕಿಸುತ್ತದೆ" ಅಂತ ಪೌಲನೇ ಹೇಳಿದ್ದಾನಲ್ಲ ಅಂದರು. ಏಪ್ರಿಲ್‌ನಲ್ಲಿ ಕೂಟದ ಮುಂದಾಳು ಪ್ರವಾದನೆ ಹೇಳಿದರು: ನಿಮ್ಮ ಮನೆಯ ಹೆಣ್ಣೊಬ್ಬಳ ಕಣ್ಣು ಮಗುವಿನ ಮೇಲೆ ಬಿತ್ತು, ಅವಳಿಂದ ದೂರ ಇರಿ. ಯಾರು ಅಂತ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮಗುವನ್ನು ಮೊದಲು ಎತ್ತಿಕೊಂಡವರು ವಾರಗಿತ್ತಿ. ಸುಗುಣ ಆ ಮನೆಗೆ ಹೋಗುವುದನ್ನು ನಿಲ್ಲಿಸಿದರು. ಮಗಳನ್ನೂ ಕಳಿಸಲಿಲ್ಲ.

ಇನ್ನು ಗಂಡ. ಅವರ ತಾತನ ಕಾಲದಿಂದ ವೆಸ್ಲಿಯನ್ ಮಿಷನ್ನಿನ ಕುಟುಂಬ. 1947ರಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಆದಾಗಿನ ಕಥೆಗಳೆಲ್ಲ ಅವರಿಗೆ ಬಾಯಿಪಾಠ. ಭಾನುವಾರ ಪಾಠ ಓದುವವರು ಅವರೇ. ಹೆಂಡತಿಯ ಅನುಭವ ಕೇಳಿದ ದಿನ ಅವರು ಹೇಳಿದ್ದು: "ಅದು ಹಸಿವಿನ ಭ್ರಮೆ. ಬರೆದದ್ದೇ ಸಾಕು. ಅದಕ್ಕಿಂತ ಜಾಸ್ತಿ ಬೇಕು ಅಂದರೆ ಸೈತಾನ ಕೊಡ್ತಾನೆ." ಆಮೇಲೆ ದಿನಾ ಊಟಕ್ಕೆ ಕೂತಾಗ ಒಂದೊಂದು ವಚನ. ಸುಗುಣ ಮಾತಾಡಿದರೆ ಒಂದು ವಚನ, ಸುಮ್ಮನಿದ್ದರೆ ಇನ್ನೊಂದು. ಜೂನ್‌ನಲ್ಲಿ ಮಗಳು "ದೊಡ್ಡಮ್ಮನ ಮನೆಗೆ ಯಾಕೆ ಹೋಗಬಾರದು ಅಪ್ಪಾ?" ಅಂತ ಅತ್ತ ಮೇಲೆ ಅವರು ಸುಗುಣನನ್ನು ಕರೆದುಕೊಂಡು ಬಂದರು.

ಮೊದಲು ನಾನು ಮಾಡಿದ್ದು ಹಾಸನದಲ್ಲೇ ಒಬ್ಬ ಮನೋವೈದ್ಯರ ಹತ್ತಿರ ಕಳಿಸಿದ್ದು. ಇದಕ್ಕೆ ಕೆಲವರು ಬೇಸರ ಪಡುತ್ತಾರೆ. ದೇವರ ವಿಷಯಕ್ಕೆ ಡಾಕ್ಟರ್ ಯಾಕೆ ಅಂತ. ನನ್ನ ಅನುಭವದಲ್ಲಿ ಇದು ದೇವರ ಮೇಲಿನ ಅಪನಂಬಿಕೆ ಅಲ್ಲ. ತೀರಿಕೊಂಡವರ ದುಃಖದಲ್ಲಿರುವವರಿಗೆ ಧ್ವನಿ ಕೇಳಿಸುವುದು ಅಪರೂಪವಲ್ಲ, ಅಷ್ಟಕ್ಕೇ ಅದು ಕಾಯಿಲೆಯೂ ಅಲ್ಲ. ಆದರೆ ಧ್ವನಿ ಬಿಡದೆ ಕಾಡಿದರೆ, ತನಗೆ ಅಥವಾ ಬೇರೆಯವರಿಗೆ ಕೆಡುಕು ಮಾಡು ಅಂದರೆ, ಒಂದು ದಿನವೂ ತಡಮಾಡಬಾರದು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಸುಗುಣನನ್ನು ನೋಡಿದ ವೈದ್ಯರು ಅಂಥ ಕಾಯಿಲೆಯ ಲಕ್ಷಣ ಇಲ್ಲ, ಆದರೆ ರಕ್ತ ಕಡಿಮೆ ಇದೆ, ನಿದ್ದೆ ತೀರಾ ಕೆಟ್ಟಿದೆ ಅಂದರು. ಮಾತ್ರೆ ಕೊಟ್ಟರು.

"ಮಾತ್ರೆ ತಗೊಂಡ್ರೆ ನಂಬಿಕೆ ಕಡಿಮೆ ಆದ ಹಾಗೆ ಅಲ್ವಾ ಆಂಟಿ?" ಅಂತ ಕೇಳಿದರು. ನಾನು ಪ್ರವಾದಿ ಎಲೀಯನ ಕಥೆ ಹೇಳಿದೆ. ಅವನು ಸಾಯಬೇಕು ಅಂತ ಜಾಲಿಗಿಡದ ಕೆಳಗೆ ಮಲಗಿದ್ದಾಗ ದೇವದೂತ ಬಂದು ಮೊದಲು ಹೇಳಿದ್ದು ಏನು? "ಎದ್ದು ಊಟಮಾಡು." ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಅವನು ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಅದೇ ಮಾತು. ಹೋರೇಬ್ ಬೆಟ್ಟದಲ್ಲಿ ದೇವರ ಮೆಲ್ಲನೆಯ ಧ್ವನಿ ಅವನಿಗೆ ಕೇಳಿಸಿದ್ದು ಆಮೇಲೆ. ಸುಗುಣ ಆ ವಾರದಿಂದ ಊಟ ಮಾಡಿದರು.

ಮೊದಲ ಮೂರು ಭೇಟಿಯಲ್ಲಿ ನಾನು ಸತ್ಯವೇದ ತೆರೆಯಲಿಲ್ಲ. ಬೇಕಂತಲೇ. ಆ ಮನೆಯಲ್ಲಿ ಆ ಪುಸ್ತಕ ಕೋಲಾಗಿತ್ತು. ಕೋಲು ಹಿಡಿದವರ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ನಾಲ್ಕನೇ ಭೇಟಿ ಜುಲೈನಲ್ಲಿ. ಘಾಟಿ ಕಡೆ ಮಳೆ ಜೋರು, ಬಸ್ಸು ತಡ. ಸುಗುಣ ಒಬ್ಬರೇ ನೆನೆದುಕೊಂಡು ಬಂದರು. ಕರೆಂಟ್ ಹೋಗಿತ್ತು. ಟವೆಲು ಕೊಟ್ಟೆ, ಬಿಸಿ ಕಾಫಿ ಕೊಟ್ಟೆ. ಕಿಟಕಿಯ ಹತ್ತಿರ ಕೂತೆವು. ಆ ದಿನ ನಾನು ಮೊದಲ ಸಲ ಕೇಳಿದೆ: "ವಾಕ್ಯ ಓದೋದು ಯಾಕೆ ಬಿಟ್ರಿ ಸುಗುಣ?"

ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು:

"ಆಂಟಿ, ಅವತ್ತು ಸ್ವಾಮಿ ನನ್ನ ಹೆಸರು ಹಿಡಿದು ಕರೆದರು. ಪುಸ್ತಕದಲ್ಲಿ ಅಬ್ರಹಾಮನ ಹೆಸರಿದೆ, ಸಮುವೇಲನ ಹೆಸರಿದೆ. ಸುಗುಣ ಅಂತ ಎಲ್ಲೂ ಇಲ್ಲ. ನನ್ನ ಮಗು ಎಂಟು ದಿನ ಇತ್ತು ಅಂತ ಎಲ್ಲೂ ಬರೆದಿಲ್ಲ. ಇವರು ಓದಿ ಓದಿ ಹೇಳೋದೆಲ್ಲ ಬೇರೆ ಯಾರಿಗೋ ಬರೆದ ಕಾಗದ ಅನ್ಸುತ್ತೆ. ಪುಸ್ತಕದಲ್ಲಿ ನನ್ನ ಹೆಸರಿಲ್ಲ, ಆಂಟಿ."

ನನ್ನ ಕಣ್ಣು ತುಂಬಿತು. ಉತ್ತರ ಗೊತ್ತಿಲ್ಲದೆ ಅಲ್ಲ. ಯೆಶಾಯನ 43ನೇ ಅಧ್ಯಾಯದ ಮೊದಲ ವಚನ ನಾಲಿಗೆ ತುದಿಯಲ್ಲೇ ಇತ್ತು. "ನಿನ್ನ ಹೆಸರು ಹಿಡಿದು ಕರೆದೆನು, ನೀನು ನನ್ನವನು." ಹೇಳಿದ್ದರೆ ಅವರ ಗಂಡ ಮಾಡಿದ್ದನ್ನೇ ನಾನೂ ಮಾಡಿದ ಹಾಗಾಗುತ್ತಿತ್ತು. ವಚನ ನುಂಗಿಕೊಂಡು ಒಂದು ಪ್ರಶ್ನೆ ಕೇಳಿದೆ.

"ಆ ಧ್ವನಿ ಸ್ವಾಮಿದೇ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಾಯ್ತು ಆಂಟಿ."

"ಹೇಗೆ? ತೋಟದಲ್ಲಿ ಯಾರಾದರೂ ಕರೆದಿರಬಹುದಲ್ವಾ?"

"ಇಲ್ಲ. ಅವರು ಮಾತಾಡೋದು ಹಾಗೇನೇ."

"ಹಾಗೇನೇ ಅಂದ್ರೆ?"

ಅವರು ಲೋಟ ಕೆಳಗಿಟ್ಟರು. "ಅಂದ್ರೆ... ಅಳ್ತಾ ಇರೋರಿಗೆ ಅವರು ಬುದ್ಧಿ ಹೇಳಲ್ಲ. ಮೊದಲು ಹೆಸರು ಹಿಡಿದು ಕರೀತಾರೆ. ಮರಿಯಳನ್ನ ಕರೆದ ಹಾಗೆ."

"ಯಾವ ಮರಿಯಳು?"

"ಸಮಾಧಿ ಹತ್ತಿರ ಅಳ್ತಾ ನಿಂತಿದ್ದಳಲ್ಲ. ತೋಟ ನೋಡ್ಕೊಳ್ಳೋನು ಅಂದ್ಕೊಂಡಳು. ಆಮೇಲೆ ಸ್ವಾಮಿ 'ಮರಿಯಳೇ' ಅಂದ್ರು. ತಿರುಗಿ ನೋಡಿ 'ರಬ್ಬೂನಿ', ಅಂದ್ರೆ ಗುರುವೇ, ಅಂದಳು."

"ಆ ಕಥೆ ನಿಮಗೆ ಯಾರು ಹೇಳಿದ್ದು?"

"ಸಂಡೇ ಸ್ಕೂಲಿನಲ್ಲಿ ಟೀಚರ್..." ಅಂದು ನಿಲ್ಲಿಸಿದರು. ಹೊರಗೆ ಮಳೆ ಹೊಯ್ಯುತ್ತಿತ್ತು. ನಾನು ಏನೂ ಹೇಳಲಿಲ್ಲ. ಸುಗುಣ ತಾವೇ ಮೆಲ್ಲಗೆ ಹೇಳಿದರು: "ಪುಸ್ತಕದಲ್ಲೇ ಓದಿದ್ದು."

ಧ್ವನಿಯ ಗುರುತು ಹೇಳಿಕೊಟ್ಟದ್ದು ಪುಸ್ತಕ ಎಂಬುದು ಅವರಿಗೆ ಹೊಳೆದದ್ದು ಆ ಕ್ಷಣ. ಎಂಟು ವರ್ಷದ ಹುಡುಗಿಯಾಗಿದ್ದಾಗ ಕೇಳಿದ ಕಥೆ ಒಳಗೆ ಇಲ್ಲದಿದ್ದರೆ, ಕಣದಲ್ಲಿ ಕೇಳಿಸಿದ್ದು ಯಾರ ಧ್ವನಿ ಎಂದು ತಿಳಿಯುತ್ತಿರಲಿಲ್ಲ. ಸಮುವೇಲನಿಗೂ ಹಾಗೇ ಆಯಿತಲ್ಲ. ದೇವರು ಹೆಸರು ಹಿಡಿದೇ ಕರೆದರು. ಅವನು ಮೂರು ಸಲವೂ ಯಾಜಕನಾದ ಏಲಿಯ ಹತ್ತಿರ ಓಡಿದ. ಅವನಿಗೆ ಇನ್ನೂ ಯೆಹೋವನ ಪರಿಚಯ ಇರಲಿಲ್ಲ, ಆತನ ವಾಕ್ಯವೂ ಇನ್ನೂ ಅವನಿಗೆ ಪ್ರಕಟವಾಗಿರಲಿಲ್ಲ ಅಂತ ಅಲ್ಲೇ ಬರೆದಿದೆ.

ಆಗ ಕೇಳಿದೆ: "ಯೋಹಾನನಲ್ಲಿ ಆ ಭಾಗ ಓದೋಣವಾ?" ಅವರು ಹೂಂ ಅಂದರು. ನಾನು ಓದಲಿಲ್ಲ, ಪುಸ್ತಕ ಅವರ ಕೈಗೆ ಕೊಟ್ಟೆ. ಐದು ತಿಂಗಳ ಮೇಲೆ ಮೊದಲ ಸಲ ಓದಿದರು. 20ನೇ ಅಧ್ಯಾಯ, 11ನೇ ವಚನದಿಂದ. ಹೆಸರು ಕರೆಯುವಲ್ಲಿ ಧ್ವನಿ ಕಟ್ಟಿತು. ಸುಧಾರಿಸಿಕೊಂಡು ಮುಂದೆ ಓದಿದರು. ಮುಂದಿನ ವಚನಕ್ಕೆ ಬಂದು ಮತ್ತೆ ನಿಂತರು. ಅಲ್ಲಿ ಸ್ವಾಮಿ ಹೇಳುವುದು: ನನ್ನನ್ನು ಹಿಡಿಯಬೇಡ, ನನ್ನ ಸಹೋದರರ ಬಳಿಗೆ ಹೋಗಿ ಹೇಳು.

"ಹಿಡೀಬೇಡ ಅಂತಾರೆ," ಅಂದರು ಸುಗುಣ.

"ಹೌದು."

"ನಾನು ಫೆಬ್ರವರಿಯಿಂದ ಹಿಡ್ಕೊಂಡೇ ಕೂತಿದ್ದೀನಿ."

ನಾನು ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ. ನಾನು ಯಾವತ್ತೂ ಇದನ್ನು ಇಷ್ಟು ಚೆನ್ನಾಗಿ ಹೇಳಿಲ್ಲ.

ಅವರು ಚೀಲದಿಂದ ನೋಟ್‌ಬುಕ್ ತೆಗೆದರು. ನಾನು ಕೇಳಿರಲಿಲ್ಲ. ನಲವತ್ತಕ್ಕೂ ಜಾಸ್ತಿ "ದೇವರು ಹೇಳಿದ್ದು" ಇದ್ದವು. ಒಂದು ಪೆನ್ಸಿಲ್ ಕೊಟ್ಟು ಹೇಳಿದೆ: "ಇದು ಸರಿ, ಇದು ತಪ್ಪು ಅಂತ ನಾನು ಹೇಳಲ್ಲ. ಮರಿಯಳನ್ನ ಕರೆದ ಧ್ವನಿ ನಿಮಗೆ ಚೆನ್ನಾಗಿ ಗೊತ್ತು. ಒಂದೊಂದೂ ಓದಿ. ಯಾರ ಮಾತಿನ ಹಾಗಿದೆ ಅಂತ ನೀವೇ ಬರೀರಿ."

ಒಂದು ಗಂಟೆ ಹಿಡಿಯಿತು. ಕೆಲವದರ ಮುಂದೆ "ಗೊತ್ತಿಲ್ಲ" ಅಂತ ಬರೆದರು. "ಮಗಳ ಜೊತೆ ಕೂತು ಊಟ ಮಾಡು" ಎಂಬುದರ ಮುಂದೆ "ಸ್ವಾಮಿ ಹಾಗೆ" ಅಂತ ಬರೆದರು. "ನಿನ್ನ ಗಂಡ ಕುರುಡ" ಎಂಬುದರ ಮುಂದೆ ತುಂಬಾ ಹೊತ್ತು ಕೂತು "ಇದು ನಾನೇ" ಅಂತ ಬರೆದರು. ಒಂದರ ಮುಂದೆ "ತೀರಿಹೋದ ಅತ್ತೆ" ಅಂತ ಬಂತು. ಏಪ್ರಿಲ್‌ನ ಪುಟಕ್ಕೆ ಬಂದಾಗ ಪೆನ್ಸಿಲ್ ನಿಂತಿತು. "ಅವಳ ಮನೆಯ ನೀರೂ ಕುಡಿಯಬೇಡ" ಅಂತಿತ್ತು.

"ಇದು ಸ್ವಾಮಿ ಮಾತಾಡೋ ಹಾಗಿಲ್ಲ ಆಂಟಿ. ಇದು ನಮ್ಮ ಕೂಟದ ಅಕ್ಕನ ಮಾತಿನ ಹಾಗಿದೆ."

ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಮಾತು ಹೇಳಿದರು. "ಕಣದಲ್ಲಿ ಕೇಳಿಸಿದ್ದಕ್ಕೆ ಅವಸರ ಇರಲಿಲ್ಲ. ಆಮೇಲೆ ಬಂದದ್ದಕ್ಕೆಲ್ಲ ಅವಸರ. ಇವತ್ತೇ ಮಾಡು, ಈಗಲೇ ಬಿಡು ಅಂತ."

ಚಿಕ್ಕಮಗಳೂರು ಕಡೆಯ ಕಥೋಲಿಕ ಓದುಗರಿಗೆ ಈ ಬಗೆಯ ವಿಂಗಡಣೆ ಹೊಸದಲ್ಲ. 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಸಂತ ಇನ್ಯಾಸಿ (ಇಗ್ನೇಷಿಯಸ್ ಲೊಯೋಲಾ), ಯಾವ ಯೋಚನೆ ಕೊನೆಗೆ ಮನಸ್ಸನ್ನು ಬರಡು ಮಾಡುತ್ತದೆ, ಯಾವುದು ಸಂತೋಷ ಉಳಿಸುತ್ತದೆ ಎಂದು ಗಮನಿಸತೊಡಗಿದರು. ಆಗ ಅವರ ಕೈಯಲ್ಲಿ ಇದ್ದದ್ದು ಕ್ರಿಸ್ತನ ಜೀವನದ ಪುಸ್ತಕ, ಸಂತರ ಕಥೆಗಳ ಪುಸ್ತಕ. ಸುಗುಣನಿಗೆ ಇದ್ಯಾವುದೂ ಗೊತ್ತಿಲ್ಲ. ತಮ್ಮ ನೋಟ್‌ಬುಕ್ಕಿನಿಂದಲೇ ಕಂಡುಕೊಂಡರು.

ಅವತ್ತು ನಾನು ಕೊಟ್ಟ ಸಲಹೆ ಇದು. ಫೆಬ್ರವರಿಯ ಆ ಬೆಳಗನ್ನು ಯಾರಿಗೋಸ್ಕರವೂ ಸುಳ್ಳು ಅನ್ನಬೇಡಿ. ಒಂದು ಹಾಳೆಯಲ್ಲಿ ನಡೆದಷ್ಟೇ ಬರೆದಿಡಿ, ಒಂದು ಅಕ್ಷರವೂ ಸೇರಿಸಬೇಡಿ. ಹೊಸ ಧ್ವನಿಗಾಗಿ ಕಾಯುವುದನ್ನು ಬಿಡಿ, ಬಂದರೆ ಬರಲಿ. ಮಾರ್ಕನ ಸುವಾರ್ತೆಯನ್ನು ಮೊದಲಿನಿಂದ ದಿನಕ್ಕೆ ಒಂದೇ ಕಥೆಯಂತೆ ಓದಿ. ಕಣ್ಣುಮುಚ್ಚಿ ಪುಸ್ತಕ ತೆರೆದು ಬೆರಳಿಡುವುದು ಬೇಡ, ಡಬ್ಬಿಯಿಂದ ವಾಗ್ದಾನದ ಚೀಟಿ ಎತ್ತುವುದೂ ಸದ್ಯಕ್ಕೆ ಬೇಡ. (ಆ ಚೀಟಿಗಳಲ್ಲಿ ಇರುವುದು ವಾಕ್ಯವೇ, ಅದನ್ನು ನಾನು ಹೀನಾಯವಾಗಿ ಕಾಣುವುದಿಲ್ಲ. ಆದರೆ ಮಾತಿನ ಹಿಂದುಮುಂದು ಕತ್ತರಿಸಿದ ಚೀಟಿಯಿಂದ ಒಬ್ಬರ ಧ್ವನಿಯ ಪರಿಚಯ ಆಗುವುದಿಲ್ಲ. ದೇವಾಲಯದ ಶಿಖರದ ಮೇಲೆ ಯೇಸುವನ್ನು ಶೋಧಿಸುವಾಗ ಸೈತಾನನೂ 91ನೇ ಕೀರ್ತನೆಯಿಂದ ಎರಡು ವಚನ ಕತ್ತರಿಸಿ ತಂದಿದ್ದ.) ದುಡ್ಡು ಕೊಡು, ಸಂಬಂಧ ಕಡಿ, ಔಷಧಿ ಬಿಡು ಅಂತ ಯಾವುದೇ ಧ್ವನಿ, ಯಾರದೇ ಪ್ರವಾದನೆ ಹೇಳಿದರೆ ಒಂದು ತಿಂಗಳು ಏನೂ ಮಾಡಬೇಡಿ. ಅಷ್ಟರಲ್ಲಿ ಸಭೆಯ ಅಯ್ಯನವರಿಗೂ (ಪಾದ್ರಿಗಳಿಗೂ) ನಿಮ್ಮನ್ನು ಪ್ರೀತಿಸುವ ಇನ್ನೊಬ್ಬರಿಗೂ ಹೇಳಿ. ದೇವರು ತಿಂಗಳು ಕಾಯುತ್ತಾರೆ.

ಈ ಕೊನೆಯ ಮಾತಿಗೆ ಆಧಾರ ಯೇಸುವಿನ ಶಿಷ್ಯ ಪೇತ್ರನೇ. ಯೊಪ್ಪ ಎಂಬ ಊರಿನಲ್ಲಿ ಮಾಳಿಗೆಯ ಮೇಲೆ ಅವನಿಗೆ ದರ್ಶನ ಆಯಿತು, ಮೂರು ಸಲ. ಅವನು ತಕ್ಷಣ ಅರ್ಥ ಹೇಳಲಿಲ್ಲ, ಇದೇನಿರಬಹುದು ಎಂದು ಯೋಚಿಸುತ್ತಾ ಕೂತ. ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಗೆ ಹೋಗುವಾಗ ಆರು ಮಂದಿ ಸಹೋದರರನ್ನು ಜೊತೆಗೆ ಕರೆದುಕೊಂಡು ಹೋದ. ಆಮೇಲೆ ಯೆರೂಸಲೇಮಿನಲ್ಲಿ ಲೆಕ್ಕ ಒಪ್ಪಿಸುವಾಗ ಕರ್ತನ ಮಾತು ನೆನಪಾಯಿತು ಎಂದ. ಅವನ ದರ್ಶನಕ್ಕೆ ಜನರ ಸಾಕ್ಷಿಯೂ ಇತ್ತು, ಕರ್ತನ ಮಾತಿನ ಬೆಂಬಲವೂ ಇತ್ತು. ಇದಕ್ಕೆ ವಿರುದ್ಧದ ಕಥೆ 1 ಅರಸುಗಳು 13ರಲ್ಲಿದೆ. ಸಭೆಗಳಲ್ಲಿ ಅದನ್ನು ಓದುವುದೇ ಕಡಿಮೆ. ಯೆಹೂದದಿಂದ ಬಂದ ದೇವರ ಮನುಷ್ಯನಿಗೆ ಅಲ್ಲಿ ಉಣ್ಣಬೇಡ, ಕುಡಿಯಬೇಡ ಎಂಬ ಸ್ಪಷ್ಟ ಅಪ್ಪಣೆ ಇತ್ತು. ಬೇತೇಲಿನ ಮುದಿ ಪ್ರವಾದಿ "ದೇವದೂತ ನನಗೆ ಹೇಳಿದ, ನೀನು ಬರಬೇಕಂತೆ" ಎಂದು ಸುಳ್ಳು ಹೇಳಿ ಮನೆಗೆ ಕರೆದ. ಇವನು ಹೋದ, ಉಂಡ. ದಾರಿಯಲ್ಲಿ ಸಿಂಹ ಕೊಂದಿತು. ಇನ್ನೊಬ್ಬರ ದೇವದೂತನನ್ನು ನಂಬಿ, ತನಗೆ ಗೊತ್ತಿದ್ದ ದೇವರ ಮಾತನ್ನು ಬಿಟ್ಟದ್ದಕ್ಕೆ. ಒಬ್ಬರನ್ನೊಬ್ಬರು ಪ್ರೀತಿಸಿರಿ ಎಂಬುದು ಸುಗುಣನಿಗೆ ಗೊತ್ತಿದ್ದ ಮಾತು. ಆ ಪ್ರವಾದನೆ ಅದರ ಮೇಲೆಯೇ ಕಾಲಿಟ್ಟಿತ್ತು. ಕೂಟದ ಮುಂದಾಳು ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ. ಮಗು ಕಳೆದುಕೊಂಡ ತಾಯಿಗೆ ಒಂದು ಕಾರಣ ಕೊಡಬೇಕು ಅನ್ನಿಸಿರಬಹುದು. ಆದರೆ ಆ ಕಾರಣಕ್ಕೆ ಒಬ್ಬ ಹೆಣ್ಣುಮಗಳನ್ನು ಬಲಿಕೊಟ್ಟರು.

ಈಗ ಗಂಡನಿಗೆ ಕೊಟ್ಟ ಸಲಹೆ. ಇದಕ್ಕೇ ನನ್ನ ಮೇಲೆ ಜಾಸ್ತಿ ಆಕ್ಷೇಪ ಬಂದದ್ದು. ನಾನು ಹೇಳಿದೆ: ನಾಲ್ಕು ವಾರ ಹೆಂಡತಿಗೆ ಒಂದು ವಚನವನ್ನೂ ಹೇಳಬೇಡಿ. ನೀವು ಓದಿಕೊಳ್ಳಿ, ಅವರಿಗೆ ಹೇಳಬೇಡಿ.

ಅವರಿಗೆ ಸಿಟ್ಟು ಬಂತು. ಸಭೆಯ ಇಬ್ಬರು ಹಿರಿಯರೂ ಬಂದು, ವಾಕ್ಯ ಹೇಳಬೇಡ ಅನ್ನುವ ಕ್ರೈಸ್ತ ಸಲಹೆಗಾರ್ತಿ ಎಂಥವಳು ಎಂದು ಕೇಳಿದರು. ನಾನು ಆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಈಗಲೂ ತೆಗೆದುಕೊಳ್ಳುವುದಿಲ್ಲ. ವಾಕ್ಯದ ಮೇಲೆ ನನಗೆ ಇರುವ ಗೌರವದಿಂದಲೇ ಅದನ್ನು ಹೇಳಿದೆ. ಪೌಲ ಥೆಸಲೊನೀಕದವರಿಗೆ ಬರೆದ ಮೊದಲ ಪತ್ರಿಕೆಯ 5ನೇ ಅಧ್ಯಾಯದಲ್ಲಿ "ಎಲ್ಲವನ್ನೂ ಪರಿಶೋಧಿಸಿರಿ" ಎನ್ನುವ ಮಾತು ನಮಗೆಲ್ಲ ಗೊತ್ತು. ಅದಕ್ಕೆ ಮೊದಲಿನ ಎರಡು ಮಾತು ಮರೆತಿದ್ದೇವೆ: ಆತ್ಮನನ್ನು ನಂದಿಸಬೇಡಿರಿ, ಪ್ರವಾದನೆಗಳನ್ನು ಹೀನೈಸಬೇಡಿರಿ. ಪರಿಶೋಧಿಸುವವನು ಮೊದಲು ಕೇಳಿಸಿಕೊಳ್ಳಬೇಕು. ಅವರು ಹೆಂಡತಿಯ ಮಾತು ಪೂರ್ತಿ ಕೇಳಿಯೇ ಇರಲಿಲ್ಲ.

ಅವರಿಗೆ ಅವರ ಹಿರಿಯರ ಕಥೆಯನ್ನೇ ನೆನಪಿಸಿದೆ. ವೆಸ್ಲಿಯನ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಹೋದರು. ಹೋಗಲು ಮನಸ್ಸೇ ಇರಲಿಲ್ಲ ಎಂದು ಅವರೇ ದಿನಚರಿಯಲ್ಲಿ ಬರೆದಿದ್ದಾರೆ. ಅಲ್ಲಿ ಒಬ್ಬರು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ವೆಸ್ಲಿಯ ಹೃದಯ ಏನೋ ವಿಚಿತ್ರವಾಗಿ ಬೆಚ್ಚಗಾಯಿತು. ಆ ಬೆಚ್ಚಗಿನ ಹೃದಯ ಇಲ್ಲದಿದ್ದರೆ ವೆಸ್ಲಿಯನ್ ಮಿಷನ್ ಮೈಸೂರು ಸೀಮೆಗೆ ಬರುತ್ತಿತ್ತೇ? ನಿಮ್ಮ ತಾತ ದೀಕ್ಷಾಸ್ನಾನ ಪಡೆಯುತ್ತಿದ್ದರೇ? ಆ ಅನುಭವ ಬಂದದ್ದು ವಾಕ್ಯದ ಅರ್ಥ ಕೇಳುತ್ತಿದ್ದ ಕಿವಿಗೆ, ಅದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿಯಿರಿ ಅಂದೆ. ಅವರು ಏನೂ ಹೇಳದೆ ಹೋದರು.

ಮೂರು ವಾರದ ಮೇಲೆ ಬಂದಾಗ ಅವರ ಮುಖ ಬೇರೆಯಾಗಿತ್ತು. "ಕಣದಲ್ಲಿ ಏನಾಯ್ತು ಅಂತ ಕೇಳಿದೆ, ಮೇಡಂ," ಅಂದರು. "ಎರಡು ಗಂಟೆ ಹೇಳಿದಳು. ಮಗುವಿನ ಬಗ್ಗೆ ಅವಳು ನನ್ನ ಹತ್ತಿರ ಮಾತಾಡಿದ್ದು ಅವತ್ತೇ ಮೊದಲು." ಆಮೇಲೆ ನೆಲ ನೋಡುತ್ತಾ ಹೇಳಿದರು: "ತೋಟದಲ್ಲಿ ಹೂಮಳೆ ಬೀಳುತ್ತಲ್ಲ. ಎಂಟು ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುತ್ತೆ. ಅದನ್ನೇ ನೋಡಿ ಬೆಳೆ ಬಂತು ಅಂದ್ಕೊಂಡ್ರೆ ಕೆಟ್ಟಿವಿ. ಹಿಂದಿನಿಂದ ಬ್ಯಾಕಿಂಗ್ ಮಳೆ ಬೇಕು, ಇಲ್ಲಾಂದ್ರೆ ಕಾಯಿ ಕಚ್ಚಲ್ಲ. ಆದ್ರೆ ಹೂಮಳೆನೇ ಬರದಿದ್ರೆ ಬ್ಯಾಕಿಂಗ್ ಬಂದು ಏನು ಮಾಡ್ಬೇಕು? ಅವಳಿಗೆ ಹೂಮಳೆ ಬಿದ್ದಿತ್ತು. ನಾನು ಮಳೆಯೇ ಬಂದಿಲ್ಲ ಅಂತ ಜಗಳ ಆಡ್ತಿದ್ದೆ."

ಅವರ ಬಾಯಿಂದ ವಚನವಲ್ಲದ ಮಾತು ನಾನು ಕೇಳಿದ್ದು ಅದೇ ಮೊದಲು. ಅದರಲ್ಲಿ ವಾಕ್ಯದ ತಿಳಿವಳಿಕೆ ಅವರ ಎಲ್ಲ ವಚನಗಳಿಗಿಂತ ಜಾಸ್ತಿ ಇತ್ತು.

ಎರಡು ಬದಿಯವರಿಗೂ ನಾನು ಓದಲು ಹೇಳುವುದು ಪೇತ್ರನ ಎರಡನೇ ಪತ್ರಿಕೆಯ ಮೊದಲ ಅಧ್ಯಾಯ, 16ನೇ ವಚನದಿಂದ ಕೊನೆಯವರೆಗೆ. ನಾವು ಕಣ್ಣಾರೆ ಕಂಡವರು, ಪರಿಶುದ್ಧ ಬೆಟ್ಟದಲ್ಲಿ ಆಕಾಶದಿಂದ ಬಂದ ಧ್ವನಿಯನ್ನು ನಾವೇ ಕೇಳಿದೆವು ಎನ್ನುತ್ತಾನೆ. ಬಚ್ಚಿಡುವುದಿಲ್ಲ, ನಾಚುವುದಿಲ್ಲ. ಅದೇ ಉಸಿರಿನಲ್ಲಿ ಓದುಗರನ್ನು ಎಲ್ಲಿಗೆ ಕಳಿಸುತ್ತಾನೆ? ನೀವೂ ಬೆಟ್ಟ ಹತ್ತಿ ಎನ್ನುವುದಿಲ್ಲ. ಪ್ರವಾದನ ವಾಕ್ಯ ನಮಗಿದೆ, ಅದು ಕತ್ತಲೆಯಲ್ಲಿ ಉರಿಯುವ ದೀಪ, ಹೊತ್ತು ಮೂಡುವವರೆಗೆ ಅದಕ್ಕೆ ಲಕ್ಷ್ಯ ಕೊಡಿ ಎನ್ನುತ್ತಾನೆ. ತೋಟದ ಲೈನಿನ ದಾರಿಯಲ್ಲಿ ರಾತ್ರಿ ನಡೆದವರಿಗೆ ಇದು ಗೊತ್ತು. ಮಿಂಚು ಹೊಡೆದಾಗ ಬೆಟ್ಟ ಪೂರ್ತಿ ಕಾಣುತ್ತದೆ. ಆದರೆ ಹೆಜ್ಜೆ ಇಡುವುದು ಟಾರ್ಚಿನ ಬೆಳಕಿನಲ್ಲಿ.

ಸುಗುಣ ಈಗಲೂ ಆ ಕೂಟದ ಕೆಲವರ ಜೊತೆ ಮಾತಾಡುತ್ತಾರೆ. ಬಿಡಿ ಅಂತ ನಾನು ಹೇಳಲಿಲ್ಲ. ದುಃಖದಲ್ಲಿ ಮೊದಲು ಕೈ ಹಿಡಿದವರು ಅವರೇ, ನಮ್ಮ ಸಭೆಯಲ್ಲ. ಎರಡು ವರ್ಷ ಒಬ್ಬ ತಾಯಿ ಅಳದೆ ನಮ್ಮ ನಡುವೆ ಬೆಂಚಿನ ಮೇಲೆ ಕೂತಿದ್ದರು. ನಾವ್ಯಾರೂ ಗಮನಿಸಲಿಲ್ಲ. ಆಕ್ಷೇಪ ಮಾಡಲು ಬಂದ ಹಿರಿಯರಿಗೂ ನಾನು ಇದನ್ನೇ ಹೇಳಿದೆ.

ಆಗಸ್ಟ್ ಕೊನೆಗೆ ಫೋನ್ ಬಂತು. ದಿನಾ ರಾತ್ರಿ ಮಗಳಿಂದ ಜೋರಾಗಿ ಓದಿಸುತ್ತಿದ್ದರಂತೆ.

"ಆಂಟಿ, ಮಾರ್ಕ ಮುಗೀತಾ ಬಂತು. ಕೊನೆ ಅಧ್ಯಾಯದಲ್ಲಿ ಹೆಂಗಸರು ಸಮಾಧಿಯಿಂದ ಓಡಿಹೋದರು, ಹೆದರಿಕೊಂಡು ಯಾರಿಗೂ ಏನೂ ಹೇಳಲಿಲ್ಲ ಅಂತ ಇದೆ ಅಲ್ವಾ?"

"ಹೌದು, ಎಂಟನೇ ವಚನ."

"ನಾನೂ ಹಾಗೇ ಇದ್ದೀನಿ. ವಾರಗಿತ್ತಿ ಅಕ್ಕನಿಗೆ ಇನ್ನೂ ಏನೂ ಹೇಳಿಲ್ಲ. ಹೋಗಿ ಏನಂತ ಹೇಳ್ಲಿ?"

ನಾನು ಹೇಳಿಕೊಡಲಿಲ್ಲ. ಹೋಗಿ ಅಂದೆ, ಅಷ್ಟೇ.

ಭಾನುವಾರ ಆರಾಧನೆ ಮುಗಿಸಿ ಮನೆಗೆ ಬಂದು ಕೂತಿದ್ದೆ. ಸುಗುಣನ ನಂಬರಿನಿಂದ ಫೋನ್. ಎತ್ತಿದರೆ ಮಗಳ ಧ್ವನಿ.

"ಅಜ್ಜಿ, ನಾವು ದೊಡ್ಡಮ್ಮನ ಮನೇಲಿದ್ದೀವಿ. ಅಮ್ಮ, ದೊಡ್ಡಮ್ಮ ಇಬ್ಬರೂ ಅಡುಗೆಮನೇಲಿ ಕೂತು ಅಳ್ತಾ ಇದ್ದಾರೆ. ನಾನು ಏನು ಮಾಡ್ಲಿ?"

"ಏನೂ ಮಾಡಬೇಡ ಮಗಳೇ," ಅಂದೆ. "ಸುಮ್ನೆ ಹೋಗಿ ಅವರ ಪಕ್ಕ ಕೂತುಕೋ."